ಟಪ್ಪಾಲಿನವರ ಜೊತೆ ಹೋಗುತ್ತಿದ್ದ ನಾಯಿ

ಮೊನ್ನೆ ಮಗಳು ಸಾಗರದ ಪೇಟೆಯಿಂದ ಬಂದವಳು ಮೇಜಿನ ಮೇಲೆ ಒಂದು ನಾಯಿ ಸರಪಳಿ ಇಟ್ಟಳು. ಹೊಚ್ಚಹೊಸದು, ಅಂಗಡಿಯ ಎಣ್ಣೆ ಜಿಡ್ಡು ಇನ್ನೂ ಹೋಗಿರಲಿಲ್ಲ. ನಾಯಿ ತರುವುದೋ ಬೇಡವೋ ಎಂದು ಮನೆಯಲ್ಲಿ ವಾರದಿಂದ ಮಾತು ನಡೆದಿದೆ, ತೀರ್ಮಾನ ಆಗಿಲ್ಲ. ಸರಪಳಿ ಮಾತ್ರ ಮೊದಲೇ ಬಂತು. ಆ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಅರವತ್ತರ ದಶಕದ ಸಿಟ್ಟೊಂದು ಎದ್ದು ಕೂತಿತು. ಅದಕ್ಕೂ ನನ್ನ ಹಾಗೆ ಮುಪ್ಪು ಬರಬೇಕಿತ್ತು. ಬಂದಿಲ್ಲ.

ತೀರ್ಥಹಳ್ಳಿ ಕಡೆಯಿಂದ ನಾನು ಹೊಸನಗರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋಗಿ ಎರಡು ವರ್ಷವಾಗಿತ್ತು. ಆ ಊರಿಗೆ ಟಪ್ಪಾಲು ತರುವವರೊಬ್ಬರಿದ್ದರು. ಹೆಸರು ಗೊತ್ತಿತ್ತು, ಆದರೆ ಸೊಸೆಯಾದವಳು ಗಂಡಸರ ಹೆಸರು ಹಿಡಿಯುವುದುಂಟೇ? ಟಪ್ಪಾಲಿನವರು, ಅಷ್ಟೆ. ಒಣಕಲು ಮೈ, ಖಾಕಿ ಅಂಗಿ, ಹೆಗಲಿಗೆ ಚೀಲ, ಕಂಕುಳಲ್ಲಿ ಕೊಡೆ. ದಿನಾ ಐದಾರು ಹಳ್ಳಿಯನ್ನು ಕಾಲಲ್ಲೇ ಸುತ್ತುತ್ತಿದ್ದರು. ನಮ್ಮ ಮನೆಗೆ ಬರುವಾಗ ಹತ್ತು ಗಂಟೆ. ನನ್ನ ತವರಿನ ಕಾಗದ ಇದ್ದ ದಿನ ಬೇಲಿಬಾಗಿಲಿನ ಬಿದಿರ ದಣಪೆ ದಾಟುವಾಗಲೇ ಅವರ ಮುಖ ನಗುತ್ತಿತ್ತು...

ನಾಯಿ ತಂದವಳು ನಾನೇ. ತವರಿಗೆ ಹೋದಾಗ ನೆರೆಮನೆಯವರಿಗೆ ಒಂದು ಸೇರು ಅಕ್ಕಿ ಕೊಟ್ಟು ಬುಟ್ಟಿಯಲ್ಲಿ ಕರಿ ಮರಿಯೊಂದನ್ನು ತಂದೆ. ನಾಯಿಮರಿಯನ್ನು ಪುಕ್ಕಟೆ ತಂದರೆ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಕರಿಯ ಎಂದು ಹೆಸರಿಟ್ಟೆ. ಬಾಳೆತೋಟಕ್ಕೆ ಕಾವಲಾಯಿತು ಎಂದು ಮಾವನವರೂ ಒಪ್ಪಿದರು. ಆದರೆ ಮನೆಗೊಂದು ನಾಯಿ ಬೇಕೆಂದು ಎಲ್ಲರಿಗೂ ಹೊಳೆಯುತ್ತದೆ, ಆ ನಾಯಿಗೆ ನಾಲ್ಕು ಕಾಲಿವೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಆ ಸೀಮೆಯ ಪದ್ಧತಿಯೇ ಹಾಗಿತ್ತು. ಹಗಲಿಡೀ ಕಟ್ಟಬೇಕು, ಕತ್ತಲಾದ ಮೇಲೆ ಬಿಡಬೇಕು, ಆಗಲೇ ನಾಯಿಗೆ ಸಿಟ್ಟು ಬರುತ್ತದೆ, ಕಾವಲಿಗೆ ಚುರುಕಾಗುತ್ತದೆ. ಕರಿಯ ಕಂಬದ ಸುತ್ತ ತಿರುಗಿ ತಿರುಗಿ ಅಂಗಳದ ಸಗಣಿ ನೆಲ ಕಿತ್ತು ಒಂದು ಉಂಗುರವೇ ಆಗಿಹೋಗಿತ್ತು. ಬೆಳಿಗ್ಗೆ ಹೊಳೆಯವರೆಗೆ ನಾನೇ ಅಡ್ಡಾಡಿಸಿಕೊಂಡು ಬರುತ್ತೇನೆ ಎಂದು ಕೇಳಿದೆ.

"ಎಂಥದ್ದು? ಸೊಸೆ ನಾಯಿ ಹಿಡ್ಕಂಡು ರಸ್ತೆ ಮೇಲೆ ಹೋಗದಾ?" ಎಂದರು ಮಾವ. "ಯಾರು ಯಾರನ್ನ ಕರ್ಕಂಡು ಹೊರಟಿದಾರೆ ಅಂತ ಊರೋರು ಕೇಳ್ತಾರೆ, ಮಾರಾಯ್ತಿ."

ಜಗುಲಿಯಲ್ಲಿ ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಅಪ್ಪನ ಎದುರು ಅವರಿಗೆ ಬರುತ್ತಿದ್ದದ್ದು ಅದೊಂದೇ.

ಟಪ್ಪಾಲಿನವರು ಅಂದು ಅಲ್ಲೇ ನಿಂತು ನೀರು ಕುಡಿಯುತ್ತಿದ್ದರು. ಚೊಂಬು ಕೆಳಗಿಟ್ಟು, "ಗೌಡ್ರೆ, ನಂಗೆ ನಡಿಯೋದೇ ಕೆಲ್ಸ. ಇವ್ನಿಗೆ ನಡಿಯೋ ಕೆಲ್ಸನೇ ಇಲ್ಲ. ನನ್ ಸಂಗಡ ಕಳ್ಸಿ, ಮಧ್ಯಾಹ್ನ ತಿರುಗಿ ಹೋಗ್ತಾ ಬಿಟ್ಟು ಹೋಗ್ತೀನಿ" ಎಂದರು.

"ಸರ್ಕಾರದೋರು ಅದಕ್ಕೂ ಸಂಬಳ ಕೊಡ್ತಾರಾ ಹ್ಯಾಂಗೆ?" ಎಂದು ಮಾವ ಮತ್ತೆ ನಕ್ಕು, ಹೂಂ ಎಂದುಬಿಟ್ಟರು.

ಮರುದಿನದಿಂದ ಕರಿಯ ಟಪ್ಪಾಲಿನವರ ಹಿಂದೆ. ಹತ್ತು ಗಂಟೆಗೆ ಹೊರಟರೆ ಎರಡು ಗಂಟೆಗೆ ನಾಲಿಗೆ ಚಾಚಿಕೊಂಡು ಬಂದು, ಅನ್ನ ತಿಂದು, ಸತ್ತ ಹಾಗೆ ಮಲಗುತ್ತಿತ್ತು. ಸಂಜೆಗೆ ಕಾವಲಿಗೆ ತಯಾರು. ಮೈಯೆಲ್ಲ ಮಿರಿಮಿರಿ. ಅದು ಅಲೆದ ಹಳ್ಳಿಗಳನ್ನು ನಾನು ಇವತ್ತಿಗೂ ನೋಡಿಲ್ಲ. ನೆನೆಸಿಕೊಂಡರೆ ಆ ಏಳೆಂಟು ತಿಂಗಳು ಮನೆಯಲ್ಲಿ ಸುಖವಾಗಿದ್ದದ್ದು ನಾಯಿಯೊಂದೇ...

ಒಂದು ದಿನ ನಡುಹಗಲಲ್ಲೇ ಯಾರೋ ಬಾಳೆಗೊನೆ ಕಡಿದುಕೊಂಡು ಹೋದರು. ಮಾವನಿಗೆ ಮೈ ಉರಿಯಿತು. "ನಮ್ಮನೆ ಅನ್ನ ತಿಂದು ಊರೋರ ಕಾಗದ ಹಂಚಕ್ಕೆ ಹೋಗ್ತದೆ. ಕಟ್ಟು ಅದನ್ನ. ಸರಪಳಿ ಗಿಡ್ಡ ಮಾಡಿ ಕಟ್ಟು." ಕಟ್ಟಿದವಳು ನಾನು. ಅಪ್ಪಣೆ ಅವರದು, ಕೈ ನನ್ನದೇ.

ಮೂರು ವಾರ. ಹತ್ತು ಗಂಟೆಗೆ ದಣಪೆಯ ಸದ್ದಾದರೆ ಸಾಕು, ಕರಿಯ ಊಳಿಡುತ್ತಿತ್ತು, ಜಗ್ಗುತ್ತಿತ್ತು. ಕತ್ತಿನಲ್ಲಿ ಗಾಯವಾಯಿತು. ಅರಿಶಿನ ಎಣ್ಣೆ ಹಚ್ಚಿದೆ. ಹಚ್ಚಿ ಮತ್ತೆ ಅದೇ ಸರಪಳಿ ಹಾಕಿದೆ. ಟಪ್ಪಾಲಿನವರು ದೂರದಿಂದಲೇ ಕಾಗದ ಕೊಟ್ಟು, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ತಡೆಯಲಾರದೆ ಹತ್ತಿರ ಹೋಗಿ, "ಏನೋ ಕರಿಯಾ" ಎನ್ನುತ್ತ ಕತ್ತು ತಡವಿದರು. ಕೈ ಗಾಯದ ಮೇಲೇ ಬಿತ್ತು. ನೋವಿಗೆ ನಾಯಿ ಕಚ್ಚಿತು.

ನಾನು ನೀರು ತರುವಷ್ಟರಲ್ಲಿ ಖಾಕಿ ತೋಳು ಕೆಂಪಾಗಿತ್ತು. "ಅವಂದು ತಪ್ಪಿಲ್ಲಮ್ಮ, ಬೈಬೇಡಿ" ಎಂದು ಹೇಳಿ, ಕೈಗೆ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಗೆ ಹೊರಟರು.

ಮರುದಿನ ಬೆಳಿಗ್ಗೆ ಮಾವ ಕೋವಿ ಇಳಿಸಿದರು. "ಕಚ್ಚಿದ ನಾಯಿ ಇಟ್ಕಂಡು ಟಪ್ಪಾಲಿನೋರಿಗೆ ಮುಖ ತೋರ್ಸದು ಹ್ಯಾಂಗೆ? ಮರ್ಯಾದೆ ಪ್ರಶ್ನೆ" ಎಂದರು. ಬೇಡ ಎಂದು ನಾನು ಅನ್ನಬೇಕಿತ್ತು. ಅನ್ನಲಿಲ್ಲ. ಹಿತ್ತಲಲ್ಲಿ ಒಂದೇ ಈಡು.

ಹತ್ತು ಗಂಟೆಗೆ ಟಪ್ಪಾಲಿನವರು ಬಂದರು. ಕೈಗೆ ಪಟ್ಟಿ. ಅಂಗಳಕ್ಕೆ ಬಂದವರೇ ಕಂಬದ ಕಡೆ ನೋಡಿದರು. "ಗೌಡ್ರೆ, ಡಾಕ್ಟ್ರು ಹೇಳಿದಾರೆ, ನಾಯಿನ ಹತ್ತು ದಿನ ನೋಡಿ ಅಂತ. ಹತ್ತು ದಿನ ಅದು ಸರಿಯಾಗಿದ್ರೆ ಹುಚ್ಚಿಲ್ಲ ಅಂತ ಅರ್ಥವಂತೆ, ನಂಗೆ ಸೂಜಿ ಬೇಡವಂತೆ. ಎಲ್ಲಿ ಅವ್ನು?"

ಮಾವ ಮೀಸೆ ತಿರುವಿದರು. "ನೀವು ಹೆದರ್ಕಬೇಡಿ. ನಿಮ್ ಸಲುವಾಗಿ ಹೊಡೆದೇ ಹಾಕಿದೆ."

ಟಪ್ಪಾಲಿನವರು ಹೆಗಲಿನ ಚೀಲ ಕೆಳಗಿಳಿಸಿದರು. ಆಮೇಲೆ, ಅಷ್ಟು ವರ್ಷ ದನಿ ಎತ್ತದ ಮನುಷ್ಯ, ಜಗುಲಿ ನಡುಗುವ ಹಾಗೆ ಕೇಳಿದರು: "ನನ್ ಸಲುವಾಗಿ? ನನ್ನ ಕೇಳಿದ್ರಾ? ಅದು ಬದುಕಿದ್ರೆ ನಾನೂ ಬಚಾವಾಗ್ತಿದ್ದೆ. ಇಬ್ಬರಿಗೂ ಸೇರ್ಸಿ ಹೊಡೆದ್ರಲ್ಲ."

ಮಾವ ಒಳಗೆ ಹೋದರು. ಅವರ ಪಾಲಿಗೆ ಅದು ಉಪಕಾರ ಮರೆತವನ ಮಾತು. ಸಾಯುವವರೆಗೂ ಹಾಗೇ ಹೇಳಿಕೊಂಡು ತಿರುಗಿದರು.

ಟಪ್ಪಾಲಿನವರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ಹದಿನಾಲ್ಕು ದಿನ. ಆಸ್ಪತ್ರೆಗೆ ಹೋಗಿ ಬಂದು, ಒಂದು ಕೈಯಲ್ಲಿ ಹೊಟ್ಟೆ ಅದುಮಿಕೊಂಡು ಹಳ್ಳಿ ಸುತ್ತುತ್ತಿದ್ದರು. ನಮ್ಮ ಅಂಗಳ ಮತ್ತೆ ತುಳಿಯಲಿಲ್ಲ. ಕಾಗದವನ್ನು ದಣಪೆಯ ಪಕ್ಕದ ಕಲ್ಲಿನ ಮೇಲಿಟ್ಟು, ಹಾರದ ಹಾಗೆ ಮೇಲೊಂದು ಮಣ್ಣಿನ ಹೆಂಟೆ ಇಟ್ಟು ಹೋಗುತ್ತಿದ್ದರು. ವರ್ಷದೊಳಗೆ ವರ್ಗವಾಗಿ ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ. ದಣಪೆಗೆ ನಲವತ್ತು ಹೆಜ್ಜೆ, ಅಷ್ಟೆ... ಮಾವನ ಮೇಲಿನ ಸಿಟ್ಟು ಅವರ ಚಿತೆಯ ಜೊತೆ ಅರ್ಧ ಹೋಯಿತು. ಉಳಿದರ್ಧ ನನ್ನ ಮೇಲಿನದು, ಅದು ಎಲ್ಲಿಗೂ ಹೋಗುವುದಿಲ್ಲ.

ಇವತ್ತು ಮಗಳು ಕಾಫಿ ಕುಡಿಯುತ್ತ ಮತ್ತೆ ಆ ಮಾತು ತೆಗೆದಳು. ಅವಳು, ಅಳಿಯ ಇಬ್ಬರೂ ಎಂಟಕ್ಕೆ ಕೆಲಸಕ್ಕೆ ಹೊರಡುವವರು. ನನಗೆ ಮೊಣಕಾಲು ನೋವು.

"ದಿನಾ ಅದನ್ನ ಅಡ್ಡಾಡಿಸೋರು ಯಾರೇ?" ಎಂದು ಕೇಳಿದೆ.

"ಅದೇನ್ ದೊಡ್ಡದಮ್ಮ, ಹೆಂಗೋ ಆಗ್ತದೆ."

"ಹೆಂಗೋ ಅಂದ್ರೆ ಯಾರು? ಹೆಸರು ಹೇಳು."

ಅವಳು ಕಾಫಿ ಲೋಟ ಎತ್ತಿಕೊಂಡು ಎದ್ದಳು. ಬೇಡ ಎಂದೆ. ದನಿ ಸ್ವಲ್ಪ ಜೋರಾಯಿತು ಕಾಣುತ್ತದೆ, ಮಗಳಿಗೆ ಬೇಜಾರಾಯಿತು. ಆಗಲಿ. ಒಮ್ಮೆ ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಉಳಿದ ಮಾತು ಅದು.