ಹೊರಬರುವ ದಾರಿ ಕೇಳುತ್ತಿದ್ದವರು

ನಿನ್ನೆ ಅಮೀರ್‌ಪೇಟ್‌ನ ನಮ್ಮ ಕಚೇರಿಗೆ ಸಾಫ್ಟ್‌ವೇರ್ ಮಾರಲು ಬಂದ ಕಂಪನಿಯವರು ಎಲ್ಲರಿಗೂ ಚಹಾ ತರಿಸಿದರು. ಒಣಶುಂಠಿಯ ಘಾಟು ಮೂಗಿಗೆ ಬಡಿದದ್ದೇ ತಡ, ಬೀದರ್ ಕಡೆಯ ನಮ್ಮ ಹಳೆಯ ಸಾಹೇಬರು ನೆನಪಾದರು.

ವಿಧವಾ ಪಿಂಚಣಿ ನೋಡಿಕೊಳ್ಳುವ ಈ ಇಲಾಖೆಯಲ್ಲಿ ಕಂಪ್ಯೂಟರ್ ವ್ಯವಸ್ಥೆ ಹೇಗಿರಬೇಕೆಂಬ ನಿಯಮಗಳನ್ನು ಬರೆದವರು ಅವರೇ. ಮಹಾ ಅನುಮಾನದ ಮನುಷ್ಯ. ಕಂಪನಿಯವರ ಚಹಾ ಮುಟ್ಟುತ್ತಿರಲಿಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ಶುಂಠಿ ಚಹಾ ತರುತ್ತಿದ್ದರು. ಯಾರೇ ಬರಲಿ, ಒಂದೇ ಪರೀಕ್ಷೆ. ಕಂಪನಿಯವರು ನಮ್ಮ ಒಂದಿಷ್ಟು ಮಾಹಿತಿಯನ್ನು ತಮ್ಮ ಸಾಫ್ಟ್‌ವೇರ್ ಒಳಗೆ ಹಾಕಿ, ಅಲ್ಲೇ ಸಾಹೇಬರ ಕಣ್ಣೆದುರಿಗೆ ಇಡಿಯಾಗಿ ಹೊರಗೆ ತೆಗೆದು ತೋರಿಸಬೇಕು.

"ಹೊಕ್ಕ ಮ್ಯಾಲ ಹೊರಗ ಬರೂ ದಾರಿ ಯಾವುದ್ರಿ?" ಎನ್ನುತ್ತಿದ್ದರು.

ಎಲ್ಲರೂ ಮೆಚ್ಚಿದ್ದ ಒಂದು ಕಂಪನಿಯನ್ನು ಇದೇ ಕಾರಣಕ್ಕೆ ಅವರು ವಾಪಸ್ ಕಳಿಸಿದಾಗ ನನಗೆ ಅನುಮಾನ ಬಂತು. ಹಳೆಯ ವ್ಯವಸ್ಥೆ ಕುಂಟುತ್ತಿತ್ತು, ಪಿಂಚಣಿ ತಡವಾಗುತ್ತಿತ್ತು. ಮೇಲಾಗಿ ಅದೇ ವಾರ ದಿಲ್‌ಸುಖ್‌ನಗರದ ಇರಾನಿ ಹೋಟೆಲಿನಲ್ಲಿ ಎದುರಾಳಿ ಕಂಪನಿಯವನ ಜೊತೆ ಅವರು ಕೂತಿದ್ದನ್ನು ಕಣ್ಣಾರೆ ಕಂಡಿದ್ದೆ. ಕೈಯಲ್ಲಿ ಚಹಾದ ಲೋಟವಿತ್ತು...

ಮಾರನೆಯ ದಿನ ಕೇಳಿಯೇ ಬಿಟ್ಟೆ.

"ಹೌದ್ರಿ ಮೇಡಮ್, ಅವಂಗೂ ಅದನ್ನ ಕೇಳೀನಿ. ಅವನೂ ತಗದು ತೋರಸ್ಲಿಲ್ಲ," ಎಂದರು.

"ಮತ್ತ ಚಹಾ ಸರ್?" ಎಂದೆ.

"ಚಹಾ ನಂದ. ಫ್ಲಾಸ್ಕಿಂದು."

ಮನೆಯ ಚಹಾ ತಂದು ಕುಡಿಯಲು ಯಾವ ಇರಾನಿ ಹೋಟೆಲಿನವನು ಬಿಡುತ್ತಾನೆ? ನಾನು ನಂಬಲಿಲ್ಲ.

ಸಾಹೇಬರು ಎದುರಾಳಿ ಕಂಪನಿಯ ಕಡೆಯವರೆಂದು ಕಚೇರಿಯಲ್ಲಿ ಮೊದಲೇ ಗುಸುಗುಸು ಇತ್ತು. ಅವರನ್ನು ಶಂಶಾಬಾದ್ ಆಚೆಯ ತರಬೇತಿ ಕೇಂದ್ರಕ್ಕೆ ಎತ್ತಂಗಡಿ ಮಾಡಿದರು. ನಿಯಮಗಳಿಂದ ಆ ಪರೀಕ್ಷೆಯನ್ನು ತೆಗೆದುಹಾಕಿ, ಎಲ್ಲರೂ ಮೆಚ್ಚಿದ ಕಂಪನಿಯನ್ನೇ ಕರೆತಂದರು. ಕೆಲವು ವರ್ಷಗಳ ಮೇಲೆ ಕರಾರು ಮುಗಿದು ಕಂಪನಿ ಹೊರಟಾಗ ನಮ್ಮ ಮಾಹಿತಿ ನಮ್ಮ ಕೈಗೆ ಬರಲಿಲ್ಲ. ತಮ್ಮ ಗಂಡಂದಿರು ಸತ್ತಿದ್ದಾರೆಂದು ಮತ್ತೊಮ್ಮೆ ರುಜುವಾತು ಮಾಡಲು ಮುದುಕಿಯರು ಬಿಸಿಲಲ್ಲಿ ಸಾಲು ನಿಂತರು. ಅಷ್ಟರಲ್ಲಿ ಸಾಹೇಬರು ತೀರಿಕೊಂಡಿದ್ದರು.

ನಿನ್ನೆ ನಾನೂ ಅದನ್ನೇ ಹೇಳಿದೆ: ಹಾಕಿ, ತೆಗೆದು ತೋರಿಸಿ. ಕಂಪನಿಯವರು ಮುಖ ಮುಖ ನೋಡಿಕೊಂಡರು. ಪಕ್ಕದಲ್ಲಿದ್ದ ಹೊಸ ಅಧಿಕಾರಿ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. ಆ ನೋಟ ನನಗೆ ಗೊತ್ತು. ಸಾಹೇಬರನ್ನು ನಾನು ನೋಡಿದ್ದೂ ಹಾಗೆಯೇ.

ಅವತ್ತಿನ ಲೋಟದಲ್ಲಿದ್ದದ್ದು ಯಾರ ಚಹಾ ಎಂಬುದು ನನಗೆ ಇಂದಿಗೂ ಖಾತ್ರಿಯಿಲ್ಲ. ಕೇಳೋಣವೆಂದರೆ ಅವರಿಲ್ಲ... ಇರಬೇಕಿತ್ತು ಅನಿಸಿತು. ಮುಂದಿದ್ದ ಕಂಪನಿಯವರ ಚಹಾವನ್ನು ಮುಟ್ಟದೆ ಬದಿಗೆ ಸರಿಸಿದೆ.