ಅಕ್ಕನ ಮದುವೆಯಲ್ಲಿ ಊದದ ಹಾಡು

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಪಕ್ಕದ ಓಣಿಯಲ್ಲಿ ಬ್ಯಾಂಡಿನವರು ಹಿತ್ತಾಳೆ ವಾದ್ಯಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾರೆ. ಆ ಹುಳಿವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಓದುತ್ತಿದ್ದ ಪತ್ರಿಕೆ ಮಡಚಿಟ್ಟೆ, ಮತ್ತೆ ತೆಗೆದೆ, ಮತ್ತೆ ಮಡಚಿಟ್ಟೆ. ನಾಳಿದ್ದು ಅಕ್ಕನ ಮಗಳ ಮದುವೆ. ಯುದ್ಧ ಮುಗಿದರೂ ರೇಷನ್ನು ಮುಗಿಯದ ಈ ದಿನಗಳಲ್ಲಿ, ಮದುವೆ ಶಿರಾದ ತವರಿನಲ್ಲೇ ಆಗಬೇಕೆಂದು ಅಕ್ಕನ ಹಟ. ಸಂತೋಷಪಡಬೇಕಾದ ಸೋದರಮಾವ ಹೀಗೇಕೆ ಚಡಪಡಿಸುತ್ತಾನೆ ಎಂದು ನೀವು ಕೇಳಬಹುದು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಕಾಲು ಒಂದೆಡೆ ನಿಲ್ಲುವುದಿಲ್ಲ.

ನಮ್ಮ ಚಿಕ್ಕಂದಿನಲ್ಲಿ ಶಿರಾಕ್ಕೆಲ್ಲ ಒಬ್ಬರೇ ಕ್ಲಾರಿನೆಟ್ಟಿನವರು, ಬುಡನ್ ಸಾಬರು. ಹರೆಯದಲ್ಲಿ ಬೆಂಗಳೂರಿನ ದಂಡಿನಲ್ಲಿ ಬಿಳಿ ಸೋಲ್ಜರುಗಳ ಬ್ಯಾಂಡಿನವರಿಗೆ ಬಟ್ಟೆ ಒಗೆದುಕೊಡುತ್ತ, ಕೇಳಿ ಕೇಳಿಯೇ ವಿದ್ಯೆ ಕಲಿತವರು. ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದು ಮದುಮಗಳು ಗಾಡಿ ಹತ್ತುವಾಗ ಅವರು ಒಂದು ಹಾಡು ಊದುತ್ತಿದ್ದರು. ನಿಧಾನವಾಗಿ ಏರಿ, ಇನ್ನೇನು ಮುಗಿಯಿತು ಎನ್ನುವಾಗ ಹಿಂತಿರುಗಿ ನೋಡುವ ಹಾಡು. ಎಂಥ ಗಡಸು ಹೆಂಗಸರೂ ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಕ್ಕ ಹತ್ತು ವರ್ಷದವಳಿದ್ದಾಗಲೇ ನನಗೆ ಹೇಳಿಟ್ಟಿದ್ದಳು: “ನನ್ನ ಕಳಿಸೋವಾಗ ಬುಡನ್ ಸಾಬ್ರು ಅದನ್ನೇ ಊದ್ಬೇಕು ಕಣ್ಲಾ. ಆವಾಗ್ಲೇ ನಾನು ಅಳೋದು.”

ನಾನು ಬೆಂಗಳೂರಿಗೆ ಓದಲು ಹೋದೆ. ಒಂದು ದಿನ ಕಾಲೇಜಿನ ಜಗಲಿಯಲ್ಲಿ ಆ ಹಾಡು ಗುನುಗುತ್ತಿದ್ದಾಗ ಸ್ಕಾಟ್ಲೆಂಡಿನ ಮೇಷ್ಟರೊಬ್ಬರು ಗಕ್ಕನೆ ನಿಂತರು. ಅದು ಅವರ ಸೀಮೆಯ ಹಾಡಂತೆ. ಬೆಟ್ಟದ ಕುರಿಗಾರರು ಸಂತೆ ಮುಗಿಸಿ, ಹೆಂಡದಂಗಡಿಯಲ್ಲಿ ಕೊನೆಯ ಬಟ್ಟಲು ಎತ್ತಿ ಅದನ್ನು ಹಾಡಿಕೊಂಡು ಬೇರೆಯಾಗುತ್ತಿದ್ದರಂತೆ. ಪಲ್ಟನ್ನಿಗೆ ಸೇರಿದ ಅವರ ಮಕ್ಕಳು ಹಡಗು ಹತ್ತುವ ಮುಂಚೆ ಹಾಡಿದರು. ಪಲ್ಟನ್ನಿನ ಜೊತೆ ಅದೂ ನಮ್ಮ ದಂಡಿಗೆ ಬಂತು. ಇಷ್ಟು ಹೇಳುವಷ್ಟರಲ್ಲಿ ಮೇಷ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಗಮನಿಸಿದ್ದು ಅವರ ಕಣ್ಣನ್ನಲ್ಲ, ಹೆಂಡದ ಬಟ್ಟಲನ್ನು.

ಅಕ್ಕನ ಮದುವೆ ಬಂತು. ಪಾವಗಡದ ಬೀಗರು ಪಂಕ್ತಿಯಲ್ಲಿ ಕೂತಿದ್ದಾಗ, ನಾಲ್ಕಕ್ಷರ ಇಂಗ್ಲಿಷ್ ಕಲಿತ ಕೊಬ್ಬಿನಲ್ಲಿ ಈ ಚರಿತ್ರೆಯನ್ನೂ ಅವರಿಗೆ ಬಡಿಸಿದೆ. ಎಲ್ಲರೂ ನಕ್ಕರು. ಅಕ್ಕನ ಮಾವ ಮಾತ್ರ ನಗಲಿಲ್ಲ. ಈಚಲ ಹೆಂಡದಿಂದ ಒಡಹುಟ್ಟಿದ ತಮ್ಮನನ್ನು ಕಳೆದುಕೊಂಡವರು ಅವರು. ಅದು ನನಗೆ ಗೊತ್ತಿರಲಿಲ್ಲ. ಎಲೆ ಬಿಟ್ಟು ಎದ್ದು, ತಮ್ಮ ತೆಲುಗು ಬೆರೆತ ಮಾತಿನಲ್ಲಿ ಆ ಹಾಡು ಬೇಡವೇ ಬೇಡ ಎಂದರು.

“ವದ್ದು ಸ್ವಾಮಿ, ವದ್ದು. ಹೆಂಡದ ಪಾಟ ಊದ್ಸಿ ನಮ್ ಸೊಸೇನ ಕರ್ಕೊಂಡೋಗಲ್ಲ ನಾವು.”

ಅಪ್ಪ ಕೈಮುಗಿದು ಒಪ್ಪಿಕೊಂಡರು. ಬುಡನ್ ಸಾಬರಿಗೆ ಸುದ್ದಿ ಮುಟ್ಟಿಸುವ ಕೆಲಸ ನನಗೇ ಬಿತ್ತು. ಅವರು ಬಯ್ಯಲಿಲ್ಲ. “ನಾನು ಒಂದು ತೊಟ್ಟು ಮುಟ್ಟಿದೋನಲ್ಲ ಬೇಟಾ. ದಂಡಿನೋರು ಯಾತಕ್ಕೆ ಹಾಡ್ತಿದ್ರೋ ನಂಗೇನು ಗೊತ್ತು. ನಾನು ಹೆಣ್ಮಕ್ಕಳ್ನ ಕಳಿಸೋಕೆ ಊದ್ತಿದ್ದೆ, ಅಷ್ಟೇಯ,” ಎಂದು ಕ್ಲಾರಿನೆಟ್ಟನ್ನು ಕಳಚಿ ಪೆಟ್ಟಿಗೆಯಲ್ಲಿಟ್ಟರು. ಅಕ್ಕ ಗಾಡಿ ಹತ್ತಿದಳು. ಕಣ್ಣಲ್ಲಿ ಒಂದು ಹನಿಯಿಲ್ಲ. ಎಂಥ ಕಲ್ಲುಮನಸ್ಸಿನ ಹುಡುಗಿ ಎಂದು ನಾಲ್ಕು ಜನ ಆಡಿಕೊಂಡರು.

ಮುಂದೆ ಅಪ್ಪ ತೀರಿಕೊಂಡಾಗಲೂ ಅವಳು ಅಳಲಿಲ್ಲ. ಕೇಳಿದ್ದಕ್ಕೆ, “ಅವತ್ತು ಅಳೋಕೆ ಅಂತ ಇಟ್ಕೊಂಡಿದ್ದು ಹಂಗೇ ಉಳ್ಕೊಂಬುಟ್ಟೈತೆ ಕಣ್ಲಾ. ಅದು ಹೋಗ್ದೆ ಬ್ಯಾರೇದು ಬರಾಕಿಲ್ಲ,” ಎಂದಳು. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಯಾರ ಮನೆಯ ಮದುಮಗಳು ಗಾಡಿ ಹತ್ತಿದರೂ ನಾನು ಅಲ್ಲಿರುವುದಿಲ್ಲ, ಕೆರೆ ಏರಿಯ ಮೇಲೆ ಶತಪಥ ತಿರುಗುತ್ತಿರುತ್ತೇನೆ. ಈಗ ಅಕ್ಕನ ಮಾವನೂ ಇಲ್ಲ, ಬುಡನ್ ಸಾಬರೂ ಇಲ್ಲ. ಆ ಹಾಡು ಊದುವವರು ಶಿರಾದಲ್ಲಿ ಯಾರೂ ಉಳಿದಿಲ್ಲ.

ಇಷ್ಟು ಬರೆದು, ತಡೆಯಲಾರದೆ, ಚಪ್ಪಲಿ ಮೆಟ್ಟಿ ಓಣಿಗೆ ಹೋದೆ. ಕ್ಲಾರಿನೆಟ್ಟಿನವನು ಮಧುಗಿರಿಯವನು, ನಡುವಯಸ್ಸು, ತಾಳ್ಮೆಯ ಮನುಷ್ಯ. ನನ್ನ ಒಡಕು ಗಂಟಲಲ್ಲಿ ಮೂರು ಸಲ ಹಾಡಿ ತೋರಿಸಿದೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ನಾಲ್ಕನೆಯ ಸಲಕ್ಕೆ ಅವನು ಊದಿದ, ಆ ಹಿಂತಿರುಗಿ ನೋಡುವ ಜಾಗವೂ ಸೇರಿ.

“ಚೆಂದಾಗೈತೆ ಸಾಮಿ. ಎಲ್ಲೀದು ಇದು?”

ಕುರಿಗಾರರು, ಬಟ್ಟಲು, ಪಲ್ಟನ್ನು, ಎಲ್ಲವೂ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

“ಶಿರಾದ್ದೇ ಕಣಪ್ಪ. ಹೆಣ್ಣು ಕಳಿಸೋ ಹಾಡು,” ಎಂದೆ.

ಮನೆಗೆ ಬಂದರೆ ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಮೊರದ ಅಕ್ಕಿ ನೆಲದ ಮೇಲೆಲ್ಲ ಚೆಲ್ಲಿತ್ತು. ಅವಳ ಭುಜ ಅಲುಗುತ್ತಿತ್ತು, ಮುಖವೆಲ್ಲ ಒದ್ದೆ. ಪಕ್ಕದಲ್ಲಿ ಕೂತು ಅಕ್ಕಿ ಬಳಿಯತೊಡಗಿದೆ. ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು ಅಂದಳು:

“ಕಳಿಸೋದು ನಾಳಿದ್ದು ಕಣ್ಲಾ. ಇವತ್ತೇ ಅಳಿಸ್ಬುಟ್ಟಲ್ಲ.”