ಗುಂಡಿಗೆ ತೆರೆಯುವ ಕೈ

ಬೆಳಗಿನ ಆರು ಗಂಟೆ. ವೈದ್ಯಕೀಯ ಕಾಲೇಜಿನ ಹಿಂಬದಿಯ ಕೋಣೆಯಲ್ಲಿ ಜಾಡಿ ಅಣ್ಣ ಬಕೆಟ್ಟಿಗೆ ಕೈ ಹಾಕಿ ಬೂದು ಬಣ್ಣದ ಗುಂಡಿಗೆಯೊಂದನ್ನು ಎತ್ತುತ್ತಾರೆ. ನಮ್ಮ ನಿಮ್ಮಂಥವರಾಗಿದ್ದರೆ ಬಾಗಿಲಿನಿಂದಲೇ ಓಟ ಕೀಳುತ್ತಿದ್ದೆವು. ಇವರು ಅದನ್ನು ಮಾತಾಡಿಸುತ್ತಾರೆ. "ಬಾರಪ್ಪ. ಇಲ್ಲಾ ಬಾರಮ್ಮ. ಯಾರೋ ಏನೋ, ಚೀಟಿ ಮೇಲೆ ಬರೀ ನಂಬರು."

ಗುಂಡಿಗೆಯ ಬಲಭಾಗದ ಕೆಳಕೋಣೆಯನ್ನು ವಿದ್ಯಾರ್ಥಿಗಳಿಗೆ ಕಾಣುವಂತೆ ತೆರೆದು ಜಾಡಿಯಲ್ಲಿಡುವುದು ಇವರ ಕೆಲಸ; ಜಾಡಿ ಅಣ್ಣ ಎಂಬ ಹೆಸರು ಬಂದದ್ದೂ ಅದರಿಂದಲೇ. ಆ ಕೋಣೆಯೊಳಗೆ ನಡುಗೋಡೆಯಿಂದ ಹೊರಗೋಡೆಯತ್ತ ಮಾಂಸದ ಪಟ್ಟಿಯೊಂದು ಹಾಯ್ದಿರುತ್ತದೆ. ಬಡಿತದ ಸೂಚನೆಯ ಒಂದು ಕವಲು ಸಾಗುವುದು ಅದರ ಮೂಲಕ. ಒಬ್ಬರಲ್ಲಿ ಅದು ಕಿರುಬೆರಳಿನಷ್ಟು ದಪ್ಪ, ಇನ್ನೊಬ್ಬರಲ್ಲಿ ನೂಲಿನಷ್ಟು ಸಣ್ಣ, ಮತ್ತೊಬ್ಬರಲ್ಲಿ ಎರಡಾಗಿ ಸೀಳಿರುತ್ತದೆ. ಇಪ್ಪತ್ತೇಳು ವರ್ಷದಲ್ಲಿ ಇವರು ತೆರೆದ ಗುಂಡಿಗೆಗಳು ಆರುನೂರು ದಾಟಿವೆ. "ಒಂದರ ಹಾಗೆ ಇನ್ನೊಂದಿಲ್ಲ ನೋಡಿ. ನೀರು ಹುಯ್ದರೆ ಪಟ್ಟಿ ನಡುಗುತ್ತೆ. ಸತ್ತದ್ದು ಅಂತ ಗೊತ್ತು, ಆದರೂ ಒಂದು ಗಳಿಗೆ ಕೈ ನಿಂತುಬಿಡುತ್ತೆ."

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಚಾಕುವನ್ನು ನೇರ ಎಳೆದುಬಿಟ್ಟರು. ಪಟ್ಟಿ ತುಂಡಾಯಿತು. ಪ್ರೊಫೆಸರು ಬಗ್ಗಿ ನೋಡಿ, 'ಪಟ್ಟಿ ಇಲ್ಲ' ಎಂದು ಬರೆದುಕೊಂಡು ಹೋದರು. "ಇದ್ದದ್ದನ್ನ ಇಲ್ಲ ಅನ್ನಿಸಿಬಿಟ್ಟೆ. ಹೆದರಿ ಬಾಯಿ ಬಿಡಲಿಲ್ಲ, ಪಾಪಿ ನಾನು." ಅಂದಿನಿಂದ ಮೊದಲು ಪಕ್ಕದಲ್ಲಿ ಸಣ್ಣ ಕಿಂಡಿ ಕೊರೆದು, ಬೆರಳಿಟ್ಟು, ಪಟ್ಟಿ ಎಲ್ಲಿದೆಯೆಂದು ತಡವಿ ನೋಡಿಯೇ ಚಾಕು ಹಿಡಿಯುತ್ತಾರೆ.

ಕಳೆದ ವರ್ಷ ಇವರನ್ನು ಸಾಕಿ ಬೆಳೆಸಿದ ಅಕ್ಕ ತೀರಿಕೊಂಡರು. ದೇಹವನ್ನು ಇದೇ ಕಾಲೇಜಿಗೆ ಬರೆದುಕೊಟ್ಟಿದ್ದರು. "ನಿನ್ನ ಹತ್ತಿರಾನೇ ಬರ್ತೀನಿ ಕಣೋ, ಹುಷಾರಾಗಿ ನೋಡ್ಕೋ" ಎಂದು ನಕ್ಕಿದ್ದರಂತೆ. ಯಾವ ನಂಬರು ಯಾರದೆಂದು ಹೇಳುವಂತಿಲ್ಲ, ಅದು ಆಫೀಸಿನ ನಿಯಮ. ಇವರೂ ಕೇಳಲಿಲ್ಲ. ವಿದ್ಯಾರ್ಥಿಗಳು ಶವ ಕುಯ್ದು ಕಲಿಯುವ ಕೊಠಡಿಯ ಕಡೆ ವರ್ಷವಿಡೀ ತಲೆ ಹಾಕಲಿಲ್ಲ. ಆದರೆ ಆ ವರ್ಷದ ಶವಗಳ ಹನ್ನೊಂದು ಗುಂಡಿಗೆಗಳು ಈ ಸಲ ಇವರ ಬಳಿಗೇ ಬಂದಿವೆ; ಅವುಗಳಲ್ಲಿ ಒಂದು ಅಕ್ಕನದು.

ರಜೆ ತಗೊಳ್ಳಿ ಎಂದು ಪ್ರೊಫೆಸರು ಹೇಳಿದರು. ಜಾಡಿ ಅಣ್ಣ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಬೇರೆಯವರು ಅವಸರದಲ್ಲಿ ಕುಯ್ದುಬಿಟ್ಟರೆ? ನನ್ನ ಅಕ್ಕನ ಬಗ್ಗೆನೂ 'ಇಲ್ಲ' ಅಂತ ಬರೀಬೇಕಾ?"

ದಿನಕ್ಕೊಂದರಂತೆ ಹತ್ತು ಮುಗಿದಿವೆ. ಇಂದಿನದು ಹನ್ನೊಂದನೆಯದು. ಕಿಂಡಿಯೊಳಗೆ ಹೋದ ಬೆರಳು ಪಟ್ಟಿ ತಾಗಿ ತಟ್ಟನೆ ನಿಲ್ಲುತ್ತದೆ. ಆಮೇಲೆ ಚಾಕು ಪಟ್ಟಿಗೆ ತಾಗದಂತೆ ಸುತ್ತಿ ಬಳಸಿ ಮೆಲ್ಲಗೆ ಸರಿಯುತ್ತದೆ. ಅರ್ಧ ಗಂಟೆ ಕಳೆದು ಗುಂಡಿಗೆ ಜಾಡಿ ಸೇರುತ್ತದೆ.

ಇದು ಅಕ್ಕನದೇ ಇರಬಹುದೇ ಎಂದು ಕೇಳಿದರೆ ಅವರು ಕೈ ಒರೆಸಿಕೊಳ್ಳುತ್ತಾರೆ.

"ಗೊತ್ತಾಗೋದೇ ಬೇಡ. ಹನ್ನೊಂದನ್ನೂ ಅಕ್ಕನದು ಅಂತಲೇ ತೆರೆದಿದ್ದೀನಿ. ಒಂದರಲ್ಲೂ ಪಟ್ಟಿ ಕಡಿದಿಲ್ಲ, ಬೇಕಾದರೆ ನೋಡ್ಕೊಳ್ಳಿ."